ಕಾಫಿ ಬಣ್ಣಕ್ಕೆ ಕಾದ ತಗಡು

ಮೊನ್ನೆ ಬೆಳಿಗ್ಗೆ ಪಾತ್ರೆ ತೊಳೆಯುವ ಸೋಪಿನ ಚೂರೊಂದು ನನ್ನ ಕೈಜಾರಿ ಬಿಸಿ ದೋಸೆ ಹೆಂಚಿನ ಮೇಲೆ ಬಿತ್ತು. ಮೊದಲು ಕೆನೆ ಬಣ್ಣಕ್ಕೆ ತಿರುಗಿತು, ಆಮೇಲೆ ಕಂದಾಯಿತು, ಕೊನೆಗೆ ಕಪ್ಪಾಗಿ ಹೊಗೆಯೆದ್ದಿತು. ಇಕ್ಕಳ ಹುಡುಕುವುದನ್ನು ಬಿಟ್ಟು ನಾನು ನೋಡುತ್ತಲೇ ನಿಂತಿದ್ದೆ. ಪೆರುಂಗುಡಿಯ ಆಫೀಸಿಗೆ ಹೊರಟಿದ್ದ ಮೊಮ್ಮಗಳು ಮೇಘಾ ಮೂಗು ಮುಚ್ಚಿಕೊಂಡು ಓಡಿಬಂದಳು. "ಪಾಟಿ, ಎನ್ನ ಕರುಗುದು?" ಅಜ್ಜೀ, ಏನು ಸೀಯುತ್ತಿದೆ ಎಂದು ಕೇಳಿದಳು. ನಮ್ಮ ಮನೆಯಲ್ಲಿ ಪ್ರಶ್ನೆ ತಮಿಳಿನಲ್ಲಿ, ಉತ್ತರ ಕನ್ನಡದಲ್ಲಿ. "ಏನಿಲ್ಲಮ್ಮಾ, ಕಾರು" ಎಂದೆ. ಅಜ್ಜಿಗೆ ಅರಳುಮರಳು ಶುರುವಾಯಿತೇನೋ ಎನ್ನುವ ಹಾಗೆ ನನ್ನನ್ನೊಮ್ಮೆ ನೋಡಿದಳು.

ನೀವೂ ಹಾಗೆ ನೋಡಬೇಡಿ. ಸ್ವಲ್ಪ ಕೂತು ಕೇಳಿ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮದರಾಸಿನಲ್ಲೇ ಹುಟ್ಟಿ ಬೆಳೆದವಳು. ಕೊಟ್ಟಿದ್ದು ಉಡುಪಿ ಕಡೆಯಿಂದ ಬಂದು ನುಂಗಂಬಾಕ್ಕಂನಲ್ಲಿ ಹೋಟೆಲು ಇಟ್ಟಿದ್ದ ಮನೆಗೆ. ಹೋಟೆಲಿನ ಹಿಂದೆಯೇ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲಲ್ಲಿ ನುಗ್ಗೆಮರದ ಕೆಳಗೆ ಒಂದು ಕಾರಿನ ಅಸ್ಥಿಪಂಜರ. ಚಕ್ರ, ಎಂಜಿನ್ನು, ಸ್ಟಿಯರಿಂಗು ಎಲ್ಲ ಇದ್ದವು, ಮೈಮೇಲೆ ಮಾತ್ರ ಏನೂ ಇರಲಿಲ್ಲ. ಇವರು (ನಮ್ಮ ಯಜಮಾನರನ್ನು ಹೆಸರು ಹಿಡಿದು ಕರೆದವಳಲ್ಲ, ಈ ವಯಸ್ಸಿನಲ್ಲಿ ಶುರುಮಾಡಲಾರೆ) ಅದನ್ನು ಎಲ್ಲಿಂದಲೋ ತಳ್ಳಿಸಿಕೊಂಡು ಬಂದು, ಅದಕ್ಕೆ ಸ್ವಂತ ಕೈಯಿಂದ ಅಲ್ಯೂಮಿನಿಯಂ ಮೈ ಹೊದಿಸುವ ಪಣ ತೊಟ್ಟಿದ್ದರು. ಅದಕ್ಕೂ ಮುಂಚೆ ಹಾರ್ಮೋನಿಯಂ ಕಲಿಯಲು ಹೋಗಿ ಬಿಟ್ಟಿದ್ದರು, ಫೋಟೋ ತೊಳೆಯಲು ಹೋಗಿ ಬಿಟ್ಟಿದ್ದರು. ಮನೆಯಲ್ಲಿ ಅವರಿಗೆ 'ಅರ್ಧ ಭಟ್ಟ' ಎಂಬ ಅಡ್ಡಹೆಸರೇ ಇತ್ತು. ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಹೋಟೆಲಿನ ಆಡಳಿತವೆಲ್ಲ ಭಾವನವರದು, ಅಂದರೆ ಇವರ ಅಣ್ಣನದು. ಒಂದು ದಿನ ಅವರು ಹಿತ್ತಲಿಗೆ ಬಂದು ಹೇಳಿಬಿಟ್ಟರು: "ನೋಡು ಮಾರಾಯ, ನಂಗೆ ಇಲ್ಲಿ ಹಿಟ್ಟು ರುಬ್ಬುದಕ್ಕೆ ಜಾಗ ಬೇಕು. ಆಯುಧಪೂಜೆಯ ಒಳಗೆ ಇದು ಕಾರಿನ ಹಾಗೆ ಕಂಡ್ರೆ ನಾನೇ ಕುಂಕುಮ ಹಚ್ತೇನೆ. ಇಲ್ಲದಿದ್ರೆ ಗುಜರಿಯವನಿಗೆ ಕೊಡುದೇ."

ಇವರು ಕಾರಿನ ಸುತ್ತ ಒಂದು ಸುತ್ತು ಬಂದರು. ಇದೂ ಅರ್ಧಕ್ಕೆ ನಿಂತರೆ ಈ ಮನುಷ್ಯ ಮತ್ತೆ ಯಾವುದಕ್ಕೂ ಕೈಹಾಕುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಕೆಲಸ ಹೇಳಿಕೊಡಲು ಸಿಕ್ಕವರು ಏಳುಮಲೈ ಮೇಸ್ತ್ರಿ. ರಾಯಪುರಂನವರು. ನಮ್ಮ ಹೋಟೆಲಿನ ಇಡ್ಲಿ ಕೊಪ್ಪರಿಗೆಗಳ ನೆಗ್ಗು ತೆಗೆಯಲು ಬರುತ್ತಿದ್ದರು. ಬಾಗಿಲು, ಪಕ್ಕದ ಹಲಗೆಗಳು ಅವರ ಕೈಯಲ್ಲಿ ಬೇಗ ಆದವು, ಅವು ಒಂದೇ ಕಡೆಗೆ ಬಾಗುವಂಥವು. ಕಷ್ಟವಿದ್ದದ್ದು ಮೂತಿಯಲ್ಲಿ. ಎಲ್ಲ ದಿಕ್ಕಿಗೂ ಉಬ್ಬಬೇಕು, ಮಾವಿನಕಾಯಿಯ ಹಾಗೆ. ಅದಕ್ಕೆ ತಗಡನ್ನು ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಒಳಗಿನಿಂದ ತಟ್ಟಿ ತಟ್ಟಿ ಉಬ್ಬಿಸಬೇಕು. ಚೀಲ ಚರ್ಮದ್ದಾಗಬೇಕು ಎಂದರು ಮೇಸ್ತ್ರಿ. "ಚರ್ಮವಾ? ಬಾವಿಕಟ್ಟೆಯಿಂದ ಈಚೆ ಬರಬಾರ್ದು!" ಎಂದರು ಅತ್ತೆ. ಕೊನೆಗೆ ಹೋಟೆಲಿನ ಹಳೆಯ ಕ್ಯಾನ್ವಾಸು ಪರದೆಯನ್ನು ನಾಲ್ಕು ಪದರ ಮಾಡಿ ನಾನೇ ಚೀಲ ಹೊಲಿದೆ. ಅತ್ತೆ ಮೂರು ಸಲ ಮರಳು ಜರಡಿ ಹಿಡಿದುಕೊಟ್ಟರು. ಮಡಿಗೆ ಭಂಗವಿಲ್ಲದ ಕೆಲಸವಾದರೆ ಅವರ ಉತ್ಸಾಹ ನಮ್ಮೆಲ್ಲರಿಗಿಂತ ಹೆಚ್ಚು.

ತಟ್ಟುವ ಮೊದಲು ತಗಡನ್ನು ಕಾಯಿಸಿ ಮೆತ್ತಗೆ ಮಾಡಬೇಕು. ಅಲ್ಯೂಮಿನಿಯಂನ ಕಪಟವೆಂದರೆ ಕಾದರೂ ಅದರ ಬಣ್ಣ ಬದಲಾಗುವುದಿಲ್ಲ. ಇನ್ನೂ ಬಿಸಿಯೇ ಆಗಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಕರಗಿ ತೂತು ಬಿದ್ದಿರುತ್ತದೆ. ಅದಕ್ಕೇ ಮೇಲೆ ಬಟ್ಟೆ ಸೋಪು ಉಜ್ಜಿ ಕೆಳಗಿನಿಂದ ಕೆಂಡದ ಶಾಖ ಕೊಡುವುದು. ತಗಡು ಹೇಳದ ಗುಟ್ಟನ್ನು ಸೋಪು ಹೇಳುತ್ತದೆ. ಮೇಸ್ತ್ರಿ ಒಂದು ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗುವ ಮುನ್ನ ನನ್ನನ್ನು ಕರೆದು, "ಸೋಪು ಕಾಪಿ ಕಲರ್ ವಂದ ಉಡನೇ ಎರಕ್ಕಿಡುಂಗ ಮ್ಮಾ, ಸಾರ್ ಕಿಟ್ಟೆ ಸೊಲ್ಲುಂಗ" ಎಂದರು. ಇವರ ತಮಿಳು ಗಿರಾಕಿಗಳಿಗೆ ತಿಂಡಿ ಹೇಳುವಷ್ಟಕ್ಕೆ ಮಾತ್ರ. ನನ್ನ ತಮಿಳೋ, ಕೇಳಬೇಡಿ, ಶಾಲೆಯಲ್ಲಿ ಬಹುಮಾನ ಪಡೆದದ್ದು. ಜಂಬದಿಂದಲೇ ಅನುವಾದಿಸಿದೆ: "ಸೋಪು ಕಾಫಿ ಬಣ್ಣ ಬಂದ ಕೂಡ್ಲೇ ಇಳಿಸ್ಬೇಕಂತೆ ರೀ."

ಕಾಫಿ ಹೋಟೆಲಿನವರಿಗೆ ಕಾಫಿ ಬಣ್ಣ ಹೇಳಿಕೊಡಬೇಕೆ? ಗಟ್ಟಿ ಹಾಲಿನ ನಮ್ಮ ಕಾಫಿಯ ಹೊಂಬಣ್ಣ ಬಂದ ಕೂಡಲೇ ಇವರು ತಗಡನ್ನು ಇಳಿಸಿದರು. ತಟ್ಟಲು ಕೂತರು. ಅಂಗೈಯಗಲ ಉಬ್ಬುವಷ್ಟರಲ್ಲಿ 'ಟಿಕ್' ಎಂದು ಸದ್ದಾಯಿತು, ತಗಡು ಅಂಚಿನಿಂದ ಸೀಳಿತು. ಮಾರನೆಯ ದಿನ ಇನ್ನೊಂದು ಶೀಟು, ಅದೇ ಹೊಂಬಣ್ಣ, ಅದೇ ಟಿಕ್. ಆ ಕಾಲದಲ್ಲಿ ಅಲ್ಯೂಮಿನಿಯಂ ಶೀಟು ಬೇಕೆಂದಾಗ ಸಿಗುತ್ತಿರಲಿಲ್ಲ. ಉಳಿದದ್ದು ಒಂದೇ, ಆಯುಧಪೂಜೆಗೆ ಇದ್ದದ್ದು ಆರು ದಿನ. "ನನ್ನ ಕೈಗುಣವೇ ಹೀಗೆ ಮಾರಾಯ್ತಿ" ಎಂದು ಇವರು ಸುತ್ತಿಗೆಯನ್ನು ಗೋಣಿಯಲ್ಲಿ ಸುತ್ತಿಟ್ಟುಬಿಟ್ಟರು.

ಮಾರನೆಯ ದಿನ ಮೇಸ್ತ್ರಿ ಬಂದರು. ಎಂದಿನಂತೆ ಲೋಟದಲ್ಲಿ ಕಾಫಿ ಕೊಟ್ಟೆ. ಅವರು ಲೋಟದೊಳಗೆ ನೋಡಿ ನಕ್ಕರು. "ನಿಮ್ಮ ಮನೆಯ ಕಾಪಿ ರುಚಿ ಮ್ಮಾ, ಆದ್ರೆ ನಮ್ಮ ಕಣ್ಣಿಗೆ ಇದು ಬರೀ ಹಾಲು" ಎಂದು ತಮಿಳಿನಲ್ಲಿ ಹೇಳಿದರು. "ನಮ್ಮ ಮನೆಯಲ್ಲಿ ಹಾಲೆಲ್ಲಿ? ಬೆಲ್ಲ ಹಾಕಿದ ಕಡುಂಗಾಪಿ."

ಕಡುಂಗಾಪಿ ಎಂದರೆ ಹಾಲು ಸೋಕದ ಕರೀ ಕಾಫಿ. ಮೇಸ್ತ್ರಿ ಹೇಳಿದ 'ಕಾಪಿ ಕಲರ್' ಅದು! ಸೋಪು ಇನ್ನೂ ಕಪ್ಪಿಗೆ ತಿರುಗಬೇಕಿತ್ತು. ನಾವು ಹಸಿ ತಗಡನ್ನು ಬಡಿದಿದ್ದೆವು. ಇವರ ಕೈಗುಣದಲ್ಲಿ ಏನೂ ದೋಷವಿರಲಿಲ್ಲ, ಶಾಲೆಯ ಬಹುಮಾನದ್ದೇ ದೋಷ. ಮೇಸ್ತ್ರಿಗೆ ಪಿಸುಗುಟ್ಟಿ ಒಪ್ಪಿಕೊಂಡೆ. ಅವರು ಸೀಳಿದ ತಗಡನ್ನು ಎತ್ತಿ ನೋಡಿ, ಇವರಿಗೆ ಕೇಳುವಂತೆ, "ಶೀಟು ಸರಿ ಇಲ್ಲೈ ಸಾರ್. ಮಿಚ್ಚಂ ಒಂದು ನಲ್ಲಾ ಇರುಕ್ಕು" ಎಂದರು. ಉಳಿದ ಒಂದು ಚೆನ್ನಾಗಿದೆ ಎಂದರ್ಥ. ನಾನು ಬಾಯಿ ಬಿಡಲಿಲ್ಲ.

ಕೊನೆಯ ಶೀಟನ್ನು ಎರಡು ಹೋಳು ಮಾಡಿದರು, ಎಡಗೆನ್ನೆಗೊಂದು, ಬಲಗೆನ್ನೆಗೊಂದು, ನಡುವೆ ರಿವೆಟ್ಟು. ಐದು ದಿನಕ್ಕೆ ಒಬ್ಬರಿಂದ ಮುಗಿಯದು. ಇವರು ಸುತ್ತಿಗೆ ಎತ್ತಿದರೆ ಮೇಸ್ತ್ರಿ ತಡೆದರು: "ಸಾರ್ ಅಡಿಕ್ಕಿರಾರು. ಅಮ್ಮಾ ತಟ್ಟುವಾಂಗ." ಸಾರ್ ಹೊಡೆಯುತ್ತಾರೆ, ಅಮ್ಮ ತಟ್ಟುತ್ತಾರೆ. ಹೀಗೆ ಎಡಗೆನ್ನೆ ಮೇಸ್ತ್ರಿಗೆ, ಬಲಗೆನ್ನೆ ನನ್ನ ಪಾಲಿಗೆ ಬಂತು. ಸೋಪು, ಕೆಂಡ, ಕರೀ ಕಾಫಿ ಬಣ್ಣ, ತಟ್ಟು. ತಟ್ಟಿದಂತೆಲ್ಲ ತಗಡು ಮತ್ತೆ ಗಡುಸಾಗುತ್ತದೆ, ಮತ್ತೆ ಸೋಪು, ಮತ್ತೆ ಕೆಂಡ. ತಂತಿಯ ಅಚ್ಚು ಹಿಡಿದು ಅಳತೆ ನೋಡುವುದು ಇವರ ಕೆಲಸ. ಮೇಲ್ಮೈ ನುಣುಪಾಯಿತೇ ಎಂದು ಬರಿಗೈಯಲ್ಲಿ ಸವರಿದರೆ ತಿಳಿಯುತ್ತಿರಲಿಲ್ಲ. ಸೆರಗು ಹಾಸಿ, ಕಣ್ಣು ಮುಚ್ಚಿ, ಅದರ ಮೇಲೆ ಕೈಯಾಡಿಸಿದರೆ ಒಂದು ಸಾಸಿವೆಕಾಳಿನಷ್ಟು ಉಬ್ಬೂ ಅಡಗುವುದಿಲ್ಲ ಎಂದು ಕಂಡುಕೊಂಡೆ. ಮೇಸ್ತ್ರಿಯೂ ತಮ್ಮ ಹೆಗಲ ಮೇಲಿನ ತುಂಡುಬಟ್ಟೆಯನ್ನು ತೆಗೆದು ಹಾಗೇ ನೋಡತೊಡಗಿದರು. ಅವತ್ತು ನನಗಾದ ಹೆಮ್ಮೆ ಮತ್ತೆ ಯಾವತ್ತೂ ಆಗಲಿಲ್ಲ, ನಿಜವಾಗಿ ಹೇಳುತ್ತೇನೆ.

ಆಯುಧಪೂಜೆಯ ಬೆಳಿಗ್ಗೆ ಕಾರು ಪೂರ್ತಿ ಮೈ ಹೊದ್ದು ನಿಂತಿತ್ತು. ಬಣ್ಣ ಬಳಿದಿರಲಿಲ್ಲ, ಬೆಳ್ಳಗೆ ಹೊಳೆಯುತ್ತಿತ್ತು. ಭಾವನವರು ಮಾತಿಗೆ ತಪ್ಪದೆ ಕುಂಕುಮ ಹಚ್ಚಿ, ಮೂತಿ ಸವರಿ, "ಇದು ಯಾರು ಮಾಡಿದ್ದು?" ಎಂದರು.

"ಅರ್ಧ ಮೇಸ್ತ್ರಿ, ಅರ್ಧ ಇವಳು" ಎಂದರು ಇವರು.

ಭಾವನವರು ಗಹಗಹಿಸಿ ನಕ್ಕರು. ತಮಾಷೆ ಎಂದುಕೊಂಡರು. ನಾನೂ ನಕ್ಕುಬಿಟ್ಟೆ. ಹಾಳಾದ ಎರಡು ಶೀಟು ನೆನಪಾಗಿ, ಹೌದು ನಾನೇ ಎನ್ನಲು ನಾಲಿಗೆ ಏಳಲಿಲ್ಲ. ಚಕ್ರದಡಿಯ ನಿಂಬೆಹಣ್ಣು ಚಟ್ಟೆಂದಿತು, ಕಾರು ಬೀದಿಗಿಳಿಯಿತು. ಅತ್ತೆ ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದರು. ಅಂದಿನಿಂದ 'ಅರ್ಧ ಭಟ್ಟ' ಎನ್ನುವ ಮಾತು ನಮ್ಮ ಮನೆಯಲ್ಲಿ ಕೇಳಿಬರಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೆ ಇವರು ಒಂದು ಲೋಟ ಹಿಡಿದು ಹಿತ್ತಲಿಗೆ ಬಂದು ನನ್ನ ಕೈಗಿಟ್ಟರು. ನೋಡಿದರೆ ಕಾಫಿ, ಒಂದು ತೊಟ್ಟು ಹಾಲಿಲ್ಲ. "ಬಣ್ಣ ಸರಿ ಉಂಟಾ, ನೋಡು" ಎಂದರು. ಮುಖದಲ್ಲಿ ತುಂಟನಗೆ. ಎಲ್ಲ ತಿಳಿದಿತ್ತು ಆ ಪುಣ್ಯಾತ್ಮನಿಗೆ! ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕಹಿ ಕಾಫಿಯನ್ನು ಪೂರ್ತಿ ಕುಡಿದೆ.

ಈಗ ಇವರಿಲ್ಲ, ಮೇಸ್ತ್ರಿಯೂ ಇಲ್ಲ. ಕಾರಿನಲ್ಲಿ ಉಳಿದಿರುವುದು ಆ ಮೂತಿ ಮಾತ್ರ. ಮಗ ಅದನ್ನು ಬಾಲ್ಕನಿಯ ಗೋಡೆಗೆ ತೂಗುಹಾಕಿದ್ದಾನೆ. ಬಂದವರು ಕೇಳಿದರೆ "ನಮ್ಮ ಯಜಮಾನರು ಮಾಡಿದ್ದು" ಎನ್ನುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಮೊನ್ನೆ ಸೋಪಿನ ಹೊಗೆ ಇಳಿದ ಮೇಲೆ ಮೇಘಾಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. "ಒಂದು ಕಡೆ ಮೇಸ್ತ್ರಿ ಮಾಡಿದ್ದು, ಒಂದು ಕಡೆ ನಾನು. ಯಾವುದು ಯಾರದ್ದು, ಸೊಲ್ಲು ಪಾಕ್ಕಲಾಂ, ಹೇಳು ನೋಡೋಣ" ಎಂದೆ. ದುಪಟ್ಟಾ ಹಾಸಿ ಕಣ್ಣು ಮುಚ್ಚಿಸಿದೆ. ಅವಳು ಎಡಗಡೆ ಸವರಿದಳು, ಬಲಗಡೆ ಸವರಿದಳು, ಮತ್ತೆ ಎಡಗಡೆಗೆ ಬಂದಳು. ಕೊನೆಗೆ ಬಲಗೆನ್ನೆಯ ಮೇಲೆ ಕೈ ನಿಲ್ಲಿಸಿ, "ಇದುದಾನ್ ಮೇಸ್ತ್ರಿ ಪಣ್ಣದು ಪಾಟಿ. ರೊಂಬ ಸ್ಮೂತ್" ಎಂದಳು. ಮೇಸ್ತ್ರಿ ಮಾಡಿದ್ದು ಇದೇ ಎಂದು ಅವಳ ತೀರ್ಪು.

ನಾನು ಸುಮ್ಮನೆ ನಕ್ಕೆ. ಅವಳು ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೂ ಹೋದಳು. ಆಗ ಕೂಗಿ ಕರೆದೆ.

"ಮೇಘಾ, ಅದು ನಂದು."