ಅಂಕ ಎಣಿಸದ ಪೆಟ್ಟಿಗೆ

ಅಣ್ಣನಿಗೆ ಪಾರ್ಶ್ವವಾಯು ಬಡಿದ ಮೇಲೆ ಈ ಪರದೇಶದ ಮಿಲ್ಟನ್ ಊರಿನ ಅವನ ಅಪಾರ್ಟ್‌ಮೆಂಟಿನಿಂದ ಅರೋರಾ ಊರಿನ ನಮ್ಮ ಮನೆಗೆ ಕರೆತಂದೆ. ಬಲಗೈ ಏಳುತ್ತಿರಲಿಲ್ಲ. ನಾಲಿಗೆ ಮಾತ್ರ ಮೊದಲಿನಷ್ಟೇ ಖಾರ. ಬೆಳಗಾದರೆ ಒಂದೇ ಪ್ರಶ್ನೆ: "ನಾನು ನನ್ನ ಮನೆಗೆ ಹೋಗುವುದು ಯಾವಾಗ?"

"ಮುಂದಿನ ತಿಂಗಳು ನೋಡುವ ಅಣ್ಣ" ಎನ್ನುತ್ತಿದ್ದೆ.

ಆ ಮನೆ ಆಗಲೇ ಬೇರೆಯವರ ಪಾಲಾಗಿತ್ತು. ಅವನು ಇನ್ನು ಒಬ್ಬನೇ ಇರುವಂತಿಲ್ಲ ಎಂದು ಡಾಕ್ಟರು ಹೇಳಿದ ವಾರವೇ ನಾನು ಸಾಮಾನು ಸಾಗಿಸಿ ಬೀಗದ ಕೈ ಮಾಲೀಕರಿಗೆ ಒಪ್ಪಿಸಿ ಬಂದಿದ್ದೆ. ಹೇಳಲು ಬಾಯಿ ಬರಲಿಲ್ಲ. ನಾನು ಹೇಡಿ, ಅಷ್ಟೇ.

ಅವನನ್ನು ಖುಷಿಯಾಗಿಡಲು ಮನೆಯವರೆಲ್ಲ ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆವು. ಕೇರಮ್ಮಿನಲ್ಲಿ ಬೇಕೆಂದೇ ಸೋಲುತ್ತಿದ್ದೆವು.

ಒಂದು ಭಾನುವಾರ ಪಕ್ಕದ ಮನೆಯ ಅಜ್ಜಿ ಗ್ಯಾರೇಜು ಖಾಲಿ ಮಾಡುತ್ತ ಒಂದು ಡಬ್ಬಾ ಟೀವಿಯನ್ನೂ ಅದಕ್ಕೆ ಜೋಡಿಸುವ ತೀರ ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆಯನ್ನೂ ನಮಗೆ ಕೊಟ್ಟರು. ಅಣ್ಣ ಉಡುಪಿಯಲ್ಲಿ ಇಪ್ಪತ್ತು ವರ್ಷ ಟೀವಿ ರಿಪೇರಿ ಮಾಡಿದವನು. ಕಣ್ಣು ಅರಳಿತು. ಬೇಸ್‌ಮೆಂಟಿನಲ್ಲಿ ಕೂತು, ಎಡಗೈಯಲ್ಲಿ ತೋರಿಸುತ್ತ, ನನ್ನಿಂದ ತಂತಿಗಳಿಗೆ ಬೆಸುಗೆ ಹಾಕಿಸಿದ.

ನಾನು ಕಚೇರಿಯೊಂದರಲ್ಲಿ ಪ್ರೋಗ್ರಾಮ್ ಬರೆಯುವವನು. ಪೆಟ್ಟಿಗೆಯ ಜೊತೆ ಬಂದ, ಅದಕ್ಕೆ ಸಿಕ್ಕಿಸುವ ಸಣ್ಣ ಕಾರ್ಡುಗಳನ್ನು ನೋಡಿ, ಆಟಗಳೆಲ್ಲ ಇವುಗಳಲ್ಲೇ ತುಂಬಿವೆ ಎಂದುಕೊಂಡೆ. ಚಿಪ್ ಎಲ್ಲಿ ಎಂದು ತಿರುಗಿಸಿ ತಿರುಗಿಸಿ ನೋಡಿದೆ.

"ಎಂತ ಹುಡುಕ್ತಿ ಮಾರಾಯ? ಅದ್ರಲ್ಲಿ ಎಂತದೂ ಇಲ್ಲ. ಈ ತಂತಿಗೂ ಆ ತಂತಿಗೂ ದಾರಿ ಮಾಡಿ ಕೊಡ್ತದೆ, ಅಷ್ಟೆ. ಕಾರ್ಡು ಬದಲಿಸಿದ್ರೆ ದಾರಿ ಬದಲು" ಎಂದ ಅಣ್ಣ.

ಪೆಟ್ಟಿಗೆಯೊಳಗೂ ಬರೀ ಟ್ರಾನ್ಸಿಸ್ಟರು, ಡಯೋಡು. ಪ್ರೋಗ್ರಾಮ್ ಎಂಬುದೇ ಇಲ್ಲ. ಅದು ಪರದೆಯ ಮೇಲೆ ಎರಡು ಬಿಳಿ ಚೌಕ, ಒಂದು ಚೆಂಡಿನ ಚುಕ್ಕೆ ಮೂಡಿಸುತ್ತದೆ; ಚೌಕಕ್ಕೆ ಚುಕ್ಕೆ ತಾಗಿದರೆ ತಿರುಗಿಸಿ ಕಳಿಸುತ್ತದೆ. ಟೆನಿಸ್ ಅಂಗಳದ ಗೆರೆಗಳು ಪ್ಲಾಸ್ಟಿಕ್ ಹಾಳೆಯ ಮೇಲಿದ್ದವು. ಅದನ್ನು ಟೀವಿ ಗಾಜಿಗೆ ಅಂಟಿಸಬೇಕು. ಚೆಂಡು ಗೆರೆ ದಾಟಿತೋ ಇಲ್ಲವೋ ಪೆಟ್ಟಿಗೆಗೆ ತಿಳಿಯದು. ಅಂಕವೂ ಗೊತ್ತಿಲ್ಲ. ಆಡುವವರೇ ನೋಡಿ, ಒಪ್ಪಿ, ಕಾಗದದಲ್ಲಿ ಬರೆದುಕೊಳ್ಳಬೇಕು.

ಪೆನ್ಸಿಲು ನನ್ನ ಕೈಯಲ್ಲಿತ್ತು. ಅಣ್ಣ ತನ್ನ ಚೌಕವನ್ನು ಆಡಿಸುವ ತಿರುಪನ್ನು ಎಡಗೈಯಿಂದ ತಿರುಗಿಸುತ್ತ ಬೆವರಿದ. ಎಂಟು-ಎಂಟು ಆಯಿತು. ನಾನು ಹೊಡೆದ ಚೆಂಡು ಗೆರೆಯ ಒಳಗೇ ಅವನನ್ನು ದಾಟಿ ಹೋಯಿತು. ಅವನ ಮುಖ ನೋಡಲಾಗದೆ, "ಔಟು ಅಣ್ಣ, ಪಾಯಿಂಟು ನಿಂದು" ಎಂದು ಹೇಳಿ ಅವನ ಹೆಸರಿನ ಕೆಳಗೆ ಒಂಬತ್ತು ಬರೆದೆ.

ಅವನು ತಿರುಪು ಬಿಟ್ಟ.

"ಒಳಗೆ ಬಿದ್ದದ್ದು ನನ್ಗೆ ಕಾಣ್ಲಿಲ್ವಾ? ಕೈ ಹೋದದ್ದು ಮಾರಾಯ, ಕಣ್ಣಲ್ಲ."

"ಇರ್ಲಿ ಅಣ್ಣ, ಆಟ ತಾನೆ..."

"ಕೇರಮ್ಮೂ ಹಾಗೆ, ಇದೂ ಹಾಗೆ. ಈ ಪೆಟ್ಟಿಗೆ ಸುಳ್ಳು ಹೇಳುದಿಲ್ಲ, ಸತ್ಯವೂ ಹೇಳುದಿಲ್ಲ. ಅದನ್ನು ನಾವೇ ಹೇಳ್ಬೇಕು. ನೀನು ಎಷ್ಟು ದಿನದಿಂದ ನನ್ನನ್ನು ಹೀಗೆ ಗೆಲ್ಲಿಸ್ತಾ ಇದ್ದಿ?"

ನಾಚಿಕೆಯಿಂದ ಕಾಗದದ ಕಡೆಗೆ ಮುಖ ತಿರುಗಿಸಿದೆ.

ಅಣ್ಣ ಪರದೆಯನ್ನೇ ನೋಡುತ್ತ ಕೇಳಿದ: "ನನ್ನ ಮನೆ ಇನ್ನೂ ಉಂಟಾ?"

"ಇಲ್ಲ ಅಣ್ಣ."

"ಯಾರು ಬಿಟ್ಟುಕೊಟ್ಟದ್ದು?"

"ನಾನೇ."

ಅಣ್ಣ ಅತ್ತ. ಅಪ್ಪ ಸತ್ತಾಗಲೂ ಅಳದವನು, ಸೊಟ್ಟಗಾದ ಬಾಯಲ್ಲಿ ಮಗುವಿನಂತೆ ಅತ್ತ. ನಾನೂ ಅತ್ತೆ. ಆಮೇಲೆ ಅವನು ಎಡಗೈ ಚಾಚಿ ನನ್ನಿಂದ ಪೆನ್ಸಿಲು ಕಿತ್ತುಕೊಂಡ. ನಾನು ಬರೆದ ಅಂಕವನ್ನು ಡೊಂಕು ಗೀಟಿನಿಂದ ಹೊಡೆದು, ನನ್ನ ಹೆಸರಿನ ಕೆಳಗೆ ಒಂಬತ್ತು ಎಂದು ಬರೆದ.

"ಈಗ ಸರಿಯಾಗಿ ಆಡು" ಎಂದ.