ಹಳ್ಳ ದಾಟಿಸಿದ ಹೆಗಲು

ಅಪ್ಪಯ್ಯನ ಬಲಗಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡ ಮಚ್ಚೆಯೊಂದಿತ್ತು. ಅದನ್ನು ನಾನು ಮೊದಲು ಕಂಡಾಗ ನನಗೆ ಎಂಟು ವರ್ಷ. ಅಲ್ಲಿಯವರೆಗೆ ಅಷ್ಟು ಹತ್ತಿರ ಹೋಗಿದ್ದರಲ್ಲವೇ ಕಾಣುವುದು!

ಮನ್ಮನೆ ಊರಿನ ನಮ್ಮ ಮನೆಯಲ್ಲಿ ಹಿರಿಯರ ಎದುರು ಗಂಡಸರು ತಮ್ಮ ಮಕ್ಕಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅದು ಮರ್ಯಾದೆ. ಅಜ್ಜನೋ, ಇಡೀ ದಿನ ಜಗಲಿ ಬಿಟ್ಟು ಏಳದವನು. ಒಮ್ಮೆ ನಾನು ಜಗಲಿಯಿಂದ ಉರುಳಿಬಿದ್ದೆ. ಅಪ್ಪಯ್ಯ ಎರಡೂ ಕೈ ಮುಂದೆ ಚಾಚಿದವನು, ಅಜ್ಜನತ್ತ ನೋಡಿ ಹಾಗೇ ನಿಂತುಬಿಟ್ಟ. ಅಮ್ಮ ಅಡುಗೆಮನೆಯಿಂದ ಓಡಿಬಂದಳು. ಅಪ್ಪಯ್ಯನಿಗೆ ನನ್ನನ್ನು ಕಂಡರಾಗದು ಎಂದು ಅವತ್ತೇ ತೀರ್ಮಾನಿಸಿದೆ.

ಆದರೆ ಮರುದಿನ ಕೊಟ್ಟಿಗೆಯಲ್ಲಿ ಗೌರಿ ಆಕಳ ಕತ್ತು ತುರಿಸುತ್ತಾ ಅವನು ಕೇಳಿದ: "ಗೌರೀ, ಉಂಡ್ಯನೇ? ಕಾಲು ನೋವು ಹೋತಾ?"

ಗೌರಿಯ ಕಾಲಿಗೆ ಏನೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನು "ಹೋತು" ಎಂದೆ. ಅಪ್ಪಯ್ಯ ತಿರುಗಲಿಲ್ಲ, ಆಕಳನ್ನು ಇನ್ನಷ್ಟು ತುರಿಸಿದ. ಆ ಮೇಲೆ ಬಹುಕಾಲ ನಾವು ಹೀಗೆಯೇ ಮಾತಾಡಿದೆವು. ನೆನೆದರೆ ಈಗಲೂ ಆ ಮಬ್ಬುಬೆಳಕು, ಹುಲ್ಲಿನ ವಾಸನೆ ಸುತ್ತಿಕೊಳ್ಳುತ್ತವೆ.

ನಮ್ಮ ಬದಿಯ ಶಾಲೆ ಎರಡನೇ ಇಯತ್ತೆಗೆ ಮುಗಿಯುತ್ತಿತ್ತು. ಮೂರನೆಯದಕ್ಕೆ ಹಳ್ಳದಾಚೆ ಹೋಗಬೇಕು, ಮರದ ದಿಮ್ಮಿ ಹಾಸಿದ ಸಂಕದ ಮೇಲೆ ನಡೆದು. ಶಾಲೆ ಶುರುವಾಗುವ ಬೆಳಿಗ್ಗೆ ನಾನು ಚೀಲ ಹಿಡಿದು ನಿಂತಿದ್ದೆ.

"ಕೂಸಿಗೆ ಓದಿದ್ದು ಸಾಕು. ಸಂಕದ ಮೇಲೆ ಕಾಲು ಜಾರಿದ್ರೆ ಎಂತ ಗತಿ? ದಿನಾ ದಾಟ್ಸವ್ರು ಯಾರು?" ಎಂದ ಅಜ್ಜ. ಅವನ ಮಾತಿಗೆ ಎರಡು ಮಾತಿರಲಿಲ್ಲ.

ಅಪ್ಪಯ್ಯ ಅಂಗಳದಿಂದ ಬಂದ. ಅಜ್ಜನ ಕಣ್ಣೆದುರೇ ಬಗ್ಗಿ ನನ್ನನ್ನು ಹೆಗಲಿಗೇರಿಸಿಕೊಂಡ. "ಆನು ಹೊತ್ಕ ಹೋಗ್ತೆ," ಎಂದ. "ಕೂಸು ಎನ್ನದು."

ಆ ಹಾದಿ ನನಗೆ ಕನಸಿನ ಹಾಗೆ ನೆನಪಿದೆ. ಕೆಳಗೆ ಎಲ್ಲೋ ನೀರಿನ ಸದ್ದು, ಕೈಯಲ್ಲಿ ಅಪ್ಪಯ್ಯನ ಜುಟ್ಟು, ಕಣ್ಣೆದುರು ಆ ಮಚ್ಚೆ. ಮುಟ್ಟಬೇಕೆನಿಸಿತು. ಬೈದರೆ ಎಂಬ ಹೆದರಿಕೆಯಿಂದ ಮುಟ್ಟಲಿಲ್ಲ. ಅಜ್ಜ ಆ ಮಳೆಗಾಲವಿಡೀ ಮಗನ ಹತ್ತಿರ ಮಾತು ಬಿಟ್ಟಿದ್ದ. ಅಪ್ಪಯ್ಯ ನನ್ನನ್ನು ದಾಟಿಸುವುದು ಬಿಡಲಿಲ್ಲ. ನಾನು ಓದಿದೆ, ಸಿರ್ಸಿಯಲ್ಲಿ ಮಾಸ್ತರಿಣಿಯೂ ಆದೆ.

ಈಗಿನ ಅಪ್ಪಂದಿರು ಮಕ್ಕಳನ್ನು ನಡುಬೀದಿಯಲ್ಲೇ ಮುದ್ದಿಸುತ್ತಾರೆ. ನೋಡಿ ಸಂತೋಷವೇ ಆಗುತ್ತದೆ, ತುಸು ಹೊಟ್ಟೆಕಿಚ್ಚೂ ಆಗುತ್ತದೆ.

ಅಪ್ಪಯ್ಯ ಕೊನೆಯ ಸಲ ಹಾಸಿಗೆ ಹಿಡಿದಾಗ ನನ್ನ ತಮ್ಮನ ಪುಟ್ಟ ಮಗಳು ಹೊಸ್ತಿಲಲ್ಲಿ ಬಿದ್ದು ಅತ್ತಳು. ಎತ್ತಿಕೊಳ್ಳಲು ಹೋದ ತಮ್ಮ, ಅಪ್ಪಯ್ಯನ ಮುಖ ನೋಡಿ ತಡೆದ.

"ಎನ್ನ ಮುಖ ಎಂತಕ್ಕೆ ನೋಡದು? ಕೂಸಿನ ಎತ್ಕ!" ಎಂದು ಗದರಿದ ಅಪ್ಪಯ್ಯ. ಅಪ್ಪಯ್ಯನಾಡಿದ್ದರಲ್ಲಿ ನಾನು ಕೇಳಿದ ಕೊನೆಯ ಮಾತು ಅದು.

ಮರುದಿನ ಅವನನ್ನು ಜಗಲಿಯಲ್ಲಿ ಮಲಗಿಸಿದ್ದರು. ಊರಿನವರೆಲ್ಲ ನೆರೆದಿದ್ದರು. ತಲೆ ಒಂದು ಬದಿಗೆ ವಾಲಿ ಮಚ್ಚೆ ಕಾಣುತ್ತಿತ್ತು. ಎಲ್ಲರೆದುರಿಗೇ ಅದನ್ನು ಮುಟ್ಟಿದೆ.