ಕುರಿ ಪಿಚ್ಚರಿನ ಕ್ಯಾಸೆಟ್ಟು

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಪಕ್ಕದ ವಿಡಿಯೊ ಕ್ಯಾಸೆಟ್ ಅಂಗಡಿಯಲ್ಲಿ ನನಗೊಂದು ಅಡ್ಡಹೆಸರಿತ್ತು: ‘ಬಂತಾ ಮೇಷ್ಟ್ರು’. ನಾನು ಮೆಟ್ಟಿಲು ಹತ್ತುವ ಮೊದಲೇ ಅಂಗಡಿಯ ಬಾಷಾ ಭಾಯಿ ತಲೆ ಅಲ್ಲಾಡಿಸುತ್ತಿದ್ದ. ಇಲ್ಲ ಅಂದೂ ಅಂದೂ ಅವನಿಗೆ ಬಾಯಿ ಸವೆದಿತ್ತು. ಆಮೇಲೆ ಪಾಪ ಅನ್ನಿಸಿ, “ಬರ್ತೈತೆ ಸಾರ್, ಕಂಪನಿಯೋರು ಹೇಳವ್ರೆ” ಅನ್ನುತ್ತಿದ್ದ. ಕಂಪನಿಯವರು ಏನೂ ಹೇಳಿಲ್ಲ ಅಂತ ನನಗೂ ಗೊತ್ತು. ಆದರೂ ಮನೆ ಮುಟ್ಟುವ ತನಕ ಆ ಸುಳ್ಳು ಸಾಕಾಗುತ್ತಿತ್ತು.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ, ಅಷ್ಟು ಅಚ್ಚುಕಟ್ಟಾಗಿ ಮಕಾಡೆ ಮಲಗಿದ ಸಿನಿಮಾ ಅದು. ಆದರೆ ದೇವಸಮುದ್ರದ ಹತ್ತಿರದ ನಮ್ಮ ಹಟ್ಟಿಯಲ್ಲಿ ಅದನ್ನು ಮೀರಿಸಿದ ಸಿನಿಮಾ ಇಲ್ಲ. ಕಾರಣ, ಅದರಲ್ಲಿ ನಮ್ಮ ಕುರಿಗಳು ಪಾರ್ಟು ಮಾಡಿದ್ದವು. ನಾವು ಅದನ್ನು ಕರೆಯುವುದೇ ಕುರಿ ಪಿಚ್ಚರ್ ಅಂತ. ಹೀರೋ ಯಾರು, ಕಥೆ ಏನು ಅಂತ ಕೇಳಿದರೆ ಯಾರಿಗೂ ನೆನಪಿಲ್ಲ. ಮುಂದಿನ ಸಾಲಿನ ಕರಿ ಟಗರು ಯಾರ ಮನೆಯದು ಅಂತ ಮಾತ್ರ ಈಗಲೂ ಜಗಳ ಆಗುತ್ತದೆ.

ಮೊಳಕಾಲ್ಮೂರಿನ ಬಂಡೆಗುಡ್ಡ ಹುಡುಕಿಕೊಂಡು ಬಂದ ಸಿನಿಮಾದವರಿಗೆ ನಮ್ಮ ಮಂದೆಯೂ ಸಿಕ್ಕಿತು. ಹೀರೋ ಹಾಡುತ್ತ ಬಂದಾಗ ಕುರಿಗಳು ತಲೆ ಎತ್ತಬೇಕಂತೆ. ನಮ್ಮ ಕುರಿಗಳಿಗೆ ಹೀರೋ ಯಾವ ಲೆಕ್ಕ? ಮೇವಿಗೆ ಬಗ್ಗಿಸಿದ ತಲೆ ಎತ್ತಲಿಲ್ಲ. ಕೊನೆಗೆ ಅಪ್ಪ ಪಕ್ಕದಲ್ಲಿ ನಿಂತು ಒಂದು ಕೂಗು ಹಾಕಿದ. ಇಡೀ ಮಂದೆ ಅವನ ಕಡೆ ತಿರುಗಿತು. ಕ್ಯಾಮೆರಾಕ್ಕೆ ಕಾಣದ ಹಾಗೆ ಆಚೆ ನಿಂತು ಕೂಗಿ ಅಂದರೆ ಅಪ್ಪ ಒಪ್ಪಲಿಲ್ಲ. ಹೊಸ ರುಮಾಲು ಸುತ್ತಿಕೊಂಡು ಬಂದವನು ಸುಮ್ಮನೆ ಹೋಗುತ್ತಾನಾ? “ಆಯ್ತು ಯಜಮಾನ್ರೆ, ಎಡಗಡೆ ಅಂಚಲ್ಲಿ ನಿಂತ್ಕೊಳ್ಳಿ” ಅಂದರಂತೆ ಡೈರೆಕ್ಟರು.

ಪಿಚ್ಚರು ಚಳ್ಳಕೆರೆಗೆ ಬಂದಾಗ ಹಟ್ಟಿಗೆ ಹಟ್ಟಿಯೇ ಬಸ್ಸು ಹತ್ತಿತು. ಪರದೆಯ ಎಡ ಅಂಚಿನಲ್ಲಿ ಅಪ್ಪ ಆಳೆತ್ತರ ನಿಂತಿದ್ದ, ನಾವೆಲ್ಲ ಸಿಳ್ಳೆ ಹೊಡೆದೆವು. ನೋಡದೆ ಉಳಿದವಳು ಅವ್ವ ಒಬ್ಬಳೇ. ಕುರಿ ಈಯುವ ಕಾಲ, ಬಿಟ್ಟು ಬರುವ ಹಾಗಿರಲಿಲ್ಲ. “ನೀವು ಹೋಗ್ಬರ್ರಿ, ನಾನು ಮುಂದಿನ ವಾರ ನೋಡ್ತೀನಿ” ಅಂದಿದ್ದಳು. ಮುಂದಿನ ವಾರ ಟಾಕೀಸಿನ ಗೋಡೆಗೆ ತೆಲುಗು ಪಿಚ್ಚರಿನ ಪೋಸ್ಟರ್ ಅಂಟಿಸಿದ್ದರು. ಕ್ಯಾಸೆಟ್ ಬಂದೇ ಬರ್ತೈತೆ ಬಿಡವ್ವ ಅಂದವನು ನಾನು. ಓದಿದ ಮಗ ನೋಡಿ, ಹೇಳಿಬಿಟ್ಟೆ.

ಅಪ್ಪ ಹೋದ ಮೇಲೆ ಆ ಮಾತು ನನ್ನ ಕುತ್ತಿಗೆಗೆ ಬಂತು. ಮನೆಯಲ್ಲಿ ಉಳಿದದ್ದು ಓಟಿನ ಕಾರ್ಡಿನ ಫೋಟೋ ಒಂದೇ. ಅದರಲ್ಲಿ ಅಪ್ಪ ಪೊಲೀಸರ ಕೈಗೆ ಸಿಕ್ಕಿಬಿದ್ದವನ ಹಾಗೆ ಕಾಣುತ್ತಾನೆ. “ಇದ್ಯಾರೋ ಏನೋ” ಅಂತ ಅವ್ವ ಅದನ್ನು ಪಕ್ಕಕ್ಕೆ ಸರಿಸುತ್ತಿದ್ದಳು. “ಕ್ಯಾಸೆಟ್ ಬಂತೇನಪ್ಪಾ?”

ಹೇಳದೆ ಉಳಿದದ್ದರಲ್ಲೇ ಕಾವ್ಯದ ಜೀವ ಇರುತ್ತದೆ ಅಂತ ನಮ್ಮ ಅಲಂಕಾರಶಾಸ್ತ್ರದವರು ಹೇಳುತ್ತಾರೆ. ಕ್ಲಾಸಿನಲ್ಲಿ ನಾನೂ ಅದನ್ನೇ ಒದರುತ್ತೇನೆ. ಆ ಪಂಡಿತರು ಕ್ಯಾಸೆಟ್ ಅಂಗಡಿಗೆ ಅಲೆದವರಲ್ಲ. ತೆಲುಗಿನವು ಟಾಕೀಸಿಗಿಂತ ಮೊದಲೇ ಬಾಷಾನ ಅಂಗಡಿಗೆ ಬಂದು ಕೂರುತ್ತಿದ್ದವು. ಕ್ಯಾಸೆಟ್ಟಿನ ಕಾಲವೇ ಮುಗಿದು ಸೀಡಿ ಬಂತು. ನಮ್ಮದು ಬರಲಿಲ್ಲ. ಕಾಯುವುದು ತಪಸ್ಸು ಅನ್ನುವವರಿದ್ದಾರೆ; ನನಗದು ಹಲ್ಲುನೋವು, ಅಷ್ಟೇ.

ಕೊನೆಗೊಂದು ದಿನ ಬಾಷಾ ಭಾಯಿ ತಲೆ ಅಲ್ಲಾಡಿಸಲಿಲ್ಲ. ಸೀಡಿ ಬಂದಿತ್ತು. ಅಂಗಡಿಯಲ್ಲೇ ಹಾಕಿಸಿ ನೋಡಿದೆ. ಬಂಡೆ ಬಂತು, ಹೀರೋ ಬಂದ, ಕುರಿ ಬಂದವು. ಅಪ್ಪ ಇಲ್ಲ. ಮತ್ತೆ ಹಾಕಿಸಿದೆ. ಇಲ್ಲ.

“ಟಾಕೀಸಿನ ಪರದೆ ಅಗಲ ಸಾರ್, ಟೀವಿ ಸಣ್ಣದು. ಎರಡೂ ಕಡೆ ಕತ್ತರಿಸಿಬಿಡ್ತಾರೆ. ಅಂಚಲ್ಲಿ ಇದ್ದೋರು ಹೋಗ್ತಾರೆ” ಅಂದ ಬಾಷಾ, ತಾನೇ ಕತ್ತರಿಸಿದವನ ಹಾಗೆ ತಲೆ ತಗ್ಗಿಸಿ.

ಬರದೇ ಇದ್ದಾಗ ಆಸೆಯಾದರೂ ಇತ್ತು. ಈಗ ಕಾಯುವುದಕ್ಕೂ ಏನೂ ಉಳಿಯಲಿಲ್ಲ.

ಬಾಡಿಗೆ ಪ್ಲೇಯರು ಹೊತ್ತುಕೊಂಡು ಹಟ್ಟಿಗೆ ಹೋದೆ. “ಅವ್ವಾ, ಇದ್ರಾಗೆ ಅಪ್ಪ ಇಲ್ಲ. ಕತ್ತರಿಸಿಬಿಟ್ಟವ್ರೆ” ಅಂದೆ.

“ಹಾಕು ಮೊದ್ಲು” ಅಂದಳು.

ಹಾಡು ಬಂತು. ಅಪ್ಪನ ಕೂಗೂ ಅದರಲ್ಲಿಲ್ಲ; ಅದರ ಮೇಲೆ ವಯಲಿನ್ನು ಕೂರಿಸಿದ್ದಾರೆ. ಮೇಯುತ್ತಿದ್ದ ಕುರಿಗಳೆಲ್ಲ ಒಂದೇ ಸಲಕ್ಕೆ ತಲೆ ಎತ್ತಿ ಎಡಕ್ಕೆ ತಿರುಗಿದವು. ಬಲಗಡೆ ಹೀರೋ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದ. ಒಂದು ಕುರಿಯೂ ಅವನನ್ನು ನೋಡಲಿಲ್ಲ.

ಅವ್ವ ಸೆರಗು ಬಾಯಿಗೆ ಹಿಡಿದು ಮುಂದಕ್ಕೆ ಬಾಗಿದಳು. “ಅಲ್ಲೇ ಅವ್ರೆ ನಿಮ್ಮಪ್ಪ. ಇನ್ಯಾರು ಕೂಗಿದ್ರೆ ತಲೆ ಎತ್ತಾವು ಅವು? ಇನ್ನೊಂದ್ ಸಲ ಹಾಕಪ್ಪ.”

ಹಾಕಿದೆ. ಟೀವಿಯ ಎಡಕ್ಕೆ ಬರೀ ಸುಣ್ಣದ ಗೋಡೆ. ಕುರಿಗಳು ತಲೆ ಎತ್ತಿದಾಗ ಅವ್ವ ಆ ಗೋಡೆ ನೋಡಿದಳು. ನಾನೂ ನೋಡಿದೆ.